ನಲವತ್ತಾರು ಇಂಚಿನ ರವಿಕೆ

ದಪ್ಪ ಮೈಯ ಹೆಂಗಸರ ಉಡುಪಿನ ವಿಷಯ ಬಂದಾಗಲೆಲ್ಲ ಯಾವ ಬಣ್ಣ ಉಡಬೇಕು, ಯಾವ ಗೆರೆ ಬೇಡ, ಎಂಥ ಬಟ್ಟೆ ಒಪ್ಪುತ್ತದೆ ಎಂಬ ಸಲಹೆಗಳೇ ಕೇಳಿಬರುತ್ತವೆ. ಬಟ್ಟೆಯನ್ನು ಕತ್ತರಿಸುವ ಬಗೆಯನ್ನು ಕುರಿತು ಯಾರೂ ಮಾತನಾಡುವುದಿಲ್ಲ. ನನ್ನ ಅನುಭವದಲ್ಲಿ ತೊಡಕಿನ ಬೇರು ಇದ್ದದ್ದು ಕತ್ತರಿಯಲ್ಲಿಯೇ. ನನ್ನ ಎದೆಸುತ್ತು 46 ಇಂಚು. ವರ್ಷಗಳಿಂದ ಹೊಲಿಸಿಕೊಂಡ ರವಿಕೆಗಳೆಲ್ಲ ಕೊರಳಿನಲ್ಲಿ ಅಗಲವಾಗಿ ಭುಜದಿಂದ ಜಾರುತ್ತಿದ್ದವು, ತೋಳಿನಲ್ಲಿ ಬಿಗಿಯಾಗಿ ಕೆಂಪು ಗೆರೆ ಮೂಡಿಸುತ್ತಿದ್ದವು, ಮುಂಭಾಗದಲ್ಲಿ ಉದ್ದ ಸಾಲದೆ ಮೇಲೇರುತ್ತಿದ್ದವು. ಒಂದೇ ರವಿಕೆ ಒಂದು ಕಡೆ ಸಡಿಲವೂ ಇನ್ನೊಂದು ಕಡೆ ಬಿಗಿಯೂ ಆಗುವುದು ಹೇಗೆ ಎಂಬ ಪ್ರಶ್ನೆಗೆ ಯಾವ ದರ್ಜಿಯಿಂದಲೂ ಉತ್ತರ ಸಿಗಲಿಲ್ಲ. ಮೈ ಹಾಗಿದೆ, ಏನು ಮಾಡುವುದು ಎಂಬ ಅರ್ಥದ ಮಾತು ಮಾತ್ರ ಸಿಗುತ್ತಿತ್ತು.

ನಾನು ಧಾರವಾಡದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಹಲಗೆಯ ಮೇಲೆ ಬರೆಯುವವರ ಬಲಗೈ ದಿನದ ಬಹುಪಾಲು ಭುಜಕ್ಕಿಂತ ಮೇಲೆಯೇ ಇರುತ್ತದೆ. ಕೈ ಎತ್ತಿದೊಡನೆ ರವಿಕೆಯ ಇಡೀ ಪಕ್ಕೆ ಮೇಲೆದ್ದು ಬರುತ್ತಿತ್ತು, ಕೈ ಇಳಿಸಿದಾಗ ತಾನಾಗಿ ಇಳಿಯುತ್ತಿರಲಿಲ್ಲ. ಹೀಗಾಗಿ ಮಕ್ಕಳ ಕಡೆ ತಿರುಗುವ ಮುನ್ನ ಅದನ್ನು ಕೆಳಗೆಳೆದುಕೊಳ್ಳುವುದು ರೂಢಿಯಾಗಿ ಹೋಗಿತ್ತು. ಆತ್ಮವಿಶ್ವಾಸ ಎಂಬ ದೊಡ್ಡ ಮಾತನ್ನು ನಾನು ಅರ್ಥಮಾಡಿಕೊಂಡಿರುವುದು ಈ ಸಣ್ಣ ಎಳೆದಾಟದ ಮಟ್ಟದಲ್ಲಿಯೇ. ಮನಸ್ಸಿನ ಒಂದು ಪಾಲು ಸದಾ ಬಟ್ಟೆಯನ್ನು ಕಾಯುತ್ತ ನಿಂತಿದ್ದರೆ ಉಳಿದ ಪಾಲಿನಿಂದಲೇ ಪಾಠ ನಡೆಯಬೇಕು. ಬೇಸಿಗೆ ರಜೆಯಲ್ಲಿ ನಮ್ಮ ಬಡಾವಣೆಯ ಹೊಲಿಗೆ ತರಗತಿಗೆ ಸೇರಿದ್ದು ಈ ಕಾರಣಕ್ಕೆ. ಉಡುಪಿನ ವಿನ್ಯಾಸ ಕಲಿತು ಹೆಸರು ಮಾಡುವ ಹಂಬಲವೇನೂ ಇರಲಿಲ್ಲ. ತರಗತಿಯನ್ನು ನಡೆಸುವವರನ್ನು ಎಲ್ಲರೂ ಅಕ್ಕೋರು ಎಂದೇ ಕರೆಯುತ್ತಾರೆ, ಅವರು ನನ್ನನ್ನು ಟೀಚರ್ ಎನ್ನುತ್ತಾರೆ.

ಸಿದ್ಧ ಉಡುಪಿನ ದಾರಿ ನನಗೆ ಮೊದಲೇ ಮುಚ್ಚಿತ್ತು. ಅಂಗಡಿಯ ಎಕ್ಸ್‌ಎಕ್ಸ್‌ಎಲ್ ಚೀಟಿಯ ಹಿಂದೆ ಎಷ್ಟು ಇಂಚು ಇರುತ್ತದೆ ಎಂಬುದು ಒಂದೊಂದು ಕಂಪನಿಗೆ ಒಂದೊಂದು ಬಗೆ, ಏಕೆಂದರೆ ಭಾರತೀಯರ ಮೈಯನ್ನೇ ಅಳೆದು ಮಾಡಿದ ಅಳತೆಪಟ್ಟಿ ನಮ್ಮಲ್ಲಿ ಇರಲೇ ಇಲ್ಲ. ಬ್ರಿಟನ್ ಮತ್ತು ಅಮೆರಿಕದ ಪಟ್ಟಿಗಳನ್ನೇ ಅಷ್ಟಿಷ್ಟು ತಿದ್ದಿ ಬಳಸಲಾಗುತ್ತಿತ್ತು. ಆ ಅಮೆರಿಕದ ಪಟ್ಟಿಗಾದರೂ ಆಧಾರವೇನೆಂದರೆ, 1939-40ರಲ್ಲಿ ಅಲ್ಲಿನ ಕೃಷಿ ಇಲಾಖೆ ಸುಮಾರು 15,000 ಮಹಿಳೆಯರನ್ನು ಅಳೆದು ನಡೆಸಿದ ಸಮೀಕ್ಷೆ. ಕೃಷಿ ಇಲಾಖೆ ರವಿಕೆಯ ಅಳತೆಗೆ ಕೈಹಾಕಿದ್ದು ವಿಚಿತ್ರವೆನಿಸಿದರೂ ಗೃಹವಿಜ್ಞಾನ ಅಲ್ಲಿ ಆ ಇಲಾಖೆಯ ಅಡಿಯಲ್ಲಿಯೇ ಇತ್ತು. ಲೆಕ್ಕಕ್ಕೆ ಹಿಡಿದದ್ದು ಬಿಳಿಯ ಮಹಿಳೆಯರ ಅಳತೆಗಳನ್ನು ಮಾತ್ರ. ಮಾದರಿಯೇ ಹೀಗೆ ಓರೆಯಾಗಿದ್ದರೆ ಸರಾಸರಿ ಹೇಗೆ ನೆಟ್ಟಗಿರುತ್ತದೆ ಎಂದು ಹತ್ತನೆಯ ತರಗತಿಯ ಹುಡುಗರೂ ಕೇಳಿಯಾರು. ನಮ್ಮಲ್ಲಿ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯು (ನಿಫ್ಟ್) ಬೆಂಗಳೂರೂ ಸೇರಿ ಆರು ನಗರಗಳಲ್ಲಿ 15ರಿಂದ 65 ವಯಸ್ಸಿನ 25,000 ಜನರನ್ನು ತ್ರಿಆಯಾಮದ ಸ್ಕ್ಯಾನರಿನಿಂದ ಅಳೆಯುವ ‘ಇಂಡಿಯಾಸೈಜ್’ ಯೋಜನೆಯನ್ನು ಕೈಗೆತ್ತಿಕೊಂಡದ್ದು ಈ ಕೊರತೆಯನ್ನು ತುಂಬಲೆಂದೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 24ರಷ್ಟು ಮಂದಿ ಅಧಿಕ ತೂಕದವರು. ನಾಲ್ವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಸಲ್ಲಬೇಕಾದ ಅಳತೆಯನ್ನು ಅಂಗಡಿಯವರು ಇಂದಿಗೂ ‘ವಿಶೇಷ ಗಾತ್ರ’ ಎನ್ನುವುದು ನನಗೆ ಸೋಜಿಗವೆನಿಸುತ್ತದೆ.

ತರಗತಿಯಲ್ಲಿ ಮೊದಲು ಕಲಿಸಿದ್ದು ಅಳತೆ ತೆಗೆಯುವುದನ್ನು. ನಮ್ಮ ಊರುಗಳಲ್ಲಿ ರೂಢಿ ಬೇರೆ. ಹೊಸ ರವಿಕೆ ಹೊಲಿಸಲು ಹೋಗುವವರು ಹಳೆಯದೊಂದನ್ನು ‘ಅಳತೆ ರವಿಕೆ’ ಎಂದು ಕೊಟ್ಟು ಬರುತ್ತಾರೆ. ಮೈಗೆ ಟೇಪು ಹಿಡಿಸಿಕೊಳ್ಳುವ ಸಂಕೋಚದಿಂದ, ಸಂಖ್ಯೆಯನ್ನು ಅಂಗಡಿಯವನು ಜೋರಾಗಿ ಹೇಳಿ ಬರೆಸುವ ಮುಜುಗರದಿಂದ ಪಾರಾಗಲು ದಪ್ಪಗಿರುವವರಿಗೆ ಇದು ಇನ್ನೂ ಅನುಕೂಲವೆನಿಸುತ್ತದೆ. ಆದರೆ ಹಳೆಯ ರವಿಕೆಯಲ್ಲಿದ್ದ ದೋಷವೆಲ್ಲ ಹೊಸದಕ್ಕೆ ಹಾಗೆಯೇ ಇಳಿದು ಬರುವುದು ಈ ದಾರಿಯಿಂದಲೇ. ಅಕ್ಕೋರು ಅಳತೆ ರವಿಕೆಯನ್ನು ಮುಟ್ಟಲೂ ಇಲ್ಲ. ಸೊಂಟಕ್ಕೆ ಒಂದು ತೆಳು ದಾರ ಕಟ್ಟಿಸಿದರು. ದಪ್ಪ ಮೈಯಲ್ಲಿ ಸೊಂಟದ ಗೆರೆ ಎಲ್ಲಿದೆ ಎಂಬುದು ಕಣ್ಣಿಗೆ ಸಿಗುವುದಿಲ್ಲ, ಅತ್ತಿತ್ತ ಬಾಗಿದಾಗ ದಾರ ತಾನಾಗಿ ಬಂದು ಕೂರುವ ಜಾಗವೇ ಸೊಂಟ. ಒಳ ಉಡುಪು ಹಳೆಯದಾಗಿ ಸಡಿಲಗೊಂಡಿದ್ದರೆ ಅಳತೆ ತೆಗೆಯುವುದೇ ವ್ಯರ್ಥ, ಎದೆಯ ಎತ್ತರವೇ ಒಂದೆರಡು ಇಂಚು ಬದಲಾಗುತ್ತದೆ ಎಂದರು. ಆ ಮೇಲೆ ಕಂಕುಳಿನ ಕೆಳಗಿಂದ ಎದೆಯ ಮೇಲ್ಭಾಗವನ್ನು ಸುತ್ತಿಬರುವ ಮೇಲೆದೆ, ತುಂಬು ಎದೆ, ಎದೆಯ ಕೆಳಸುತ್ತು, ಭುಜದ ಮೂಳೆಯಿಂದ ಮೂಳೆಗೆ ಅಗಲ, ಭುಜದಿಂದ ಪಾಯಿಂಟಿಗೆ (ಎದೆಯ ಉಬ್ಬಿನ ತುದಿಗೆ) ಉದ್ದ, ಪಾಯಿಂಟಿನಿಂದ ಪಾಯಿಂಟಿಗೆ ದೂರ, ತೋಳಿನ ಅತಿ ದಪ್ಪ ಜಾಗದ ಸುತ್ತು, ಮುಂಭಾಗದ ಉದ್ದ, ಹಿಂಭಾಗದ ಉದ್ದ, ಹೀಗೆ ಒಂದೊಂದನ್ನೂ ತೆಗೆದು ಸಂಖ್ಯೆಯನ್ನು ಬಾಯಿಬಿಟ್ಟು ಹೇಳದೆ ಪುಸ್ತಕದಲ್ಲಿ ಬರೆದುಕೊಂಡರು. ಆ ಮೌನದಲ್ಲಿದ್ದ ಸೌಜನ್ಯವನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ. ಈಗ ನಾನು ಬೇರೆಯವರ ಅಳತೆ ತೆಗೆಯುವಾಗಲೂ ಹಾಗೆಯೇ ಮಾಡುತ್ತೇನೆ.

ನನ್ನ ಮೇಲೆದೆ 41 ಇಂಚು, ತುಂಬು ಎದೆ 46. ಈ ಐದು ಇಂಚಿನ ಅಂತರದಲ್ಲಿಯೇ ನನ್ನ ಪ್ರಶ್ನೆಯ ಉತ್ತರ ಅಡಗಿತ್ತು. ನಮ್ಮಲ್ಲಿ ರವಿಕೆಯ ನಕ್ಷೆ ಬರೆಯುವುದು ಎದೆಸುತ್ತನ್ನು ಭಾಗಿಸುತ್ತ ಹೋಗುವ ಸೂತ್ರಗಳಿಂದ. ಕೊರಳಿನ ಅರ್ಧ ಅಗಲಕ್ಕೆ ಎದೆಸುತ್ತಿನ ಹನ್ನೆರಡನೆಯ ಒಂದು ಭಾಗ, ಕಂಕುಳಿನ ಆಳಕ್ಕೆ ಆರನೆಯ ಒಂದು ಭಾಗ, ಮೈಯ ಅಗಲಕ್ಕೆ ನಾಲ್ಕನೆಯ ಒಂದು ಭಾಗ. ಸೂತ್ರಗಳು ಅಂಗಡಿಯಿಂದ ಅಂಗಡಿಗೆ ಕೊಂಚ ಬದಲಾದರೂ ತತ್ತ್ವ ಒಂದೇ. 32 ಅಥವಾ 34 ಇಂಚಿನ ಮೈಗೆ ಇದು ಚೆನ್ನಾಗಿಯೇ ಹೊಂದುತ್ತದೆ. 46ನ್ನು ಹನ್ನೆರಡರಿಂದ ಭಾಗಿಸಿದರೆ 3.8 ಇಂಚು ಬರುತ್ತದೆ, ಎರಡೂ ಬದಿ ಸೇರಿ ಕೊರಳು ಏಳೂವರೆ ಇಂಚು ದಾಟುತ್ತದೆ. ಭುಜದಿಂದ ಜಾರದೆ ಇನ್ನೇನಾದೀತು? ಆರರಿಂದ ಭಾಗಿಸಿದರೆ ಕಂಕುಳು ಏಳೂಮುಕ್ಕಾಲು ಇಂಚಿನಷ್ಟು ಕೆಳಗಿಳಿಯುತ್ತದೆ. ಕಂಕುಳು ಕೆಳಗಿಳಿದಷ್ಟೂ ಕೈ ಆರಾಮವಾಗಿ ಆಡುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ, ನಿಜ ಅದಕ್ಕೆ ತೀರ ವಿರುದ್ಧ. ತೋಳು ಪಕ್ಕೆಯ ಕೆಳಗಿನ ಜಾಗದಲ್ಲಿ ಹೊಲಿಗೆಯಾಗಿರುವುದರಿಂದ ಕೈ ಎತ್ತಿದರೆ ಪಕ್ಕೆಯೂ ಜೊತೆಗೇ ಏಳುತ್ತದೆ. ಹಲಗೆಯ ಮುಂದೆ ನನಗಾಗುತ್ತಿದ್ದುದು ಇದೇ.

ಈ ಭಾಗಾಕಾರಗಳನ್ನು ನಾನು ಪುಸ್ತಕದಲ್ಲಿ ಮಾಡಿ ತೋರಿಸಿದಾಗ ಅಕ್ಕೋರು ನಕ್ಕು, “ಟೀಚರ್ರ, ಮೈ ದಪ್ಪ ಆತಂದ್ರ ಎಲುಬೂ ಅಗಲ ಆಗ್ತಾವೇನ್ರೀ?” ಎಂದು ಕೇಳಿದರು. ಇಡೀ ಕಲಿಕೆಯ ಸಾರ ಆ ಪ್ರಶ್ನೆಯಲ್ಲಿತ್ತು. ಕೊರಳು, ಭುಜ, ಕಂಕುಳಿನ ಆಳ ಇವು ಮೂಳೆಯ ಅಳತೆಗಳು; ಎದೆ, ತೋಳು, ಹೊಟ್ಟೆ ಮಾಂಸದ ಅಳತೆಗಳು. ಒಂದನ್ನು ಇನ್ನೊಂದರಿಂದ ಭಾಗಿಸಿ ತೆಗೆಯುವ ಸೂತ್ರವು ಎರಡೂ ಒಂದೇ ಪ್ರಮಾಣದಲ್ಲಿ ಬೆಳೆಯುತ್ತವೆಂದು ನಂಬಿ ನಡೆಯುತ್ತದೆ. ದಪ್ಪ ಮೈಗೆ ಹೊಲಿದ ಬಟ್ಟೆ ಒಟ್ಟಿನಲ್ಲಿ ‘ದೊಡ್ಡದು’ ಆಗಿ, ಹೊಂದಿಕೆಯಾಗದೆ ಉಳಿಯುವುದು ಈ ನಂಬಿಕೆಯಿಂದ. ಆದ್ದರಿಂದ ಮೂಲ ನಕ್ಷೆಯನ್ನು ನನ್ನ ಮೇಲೆದೆಯ 41 ಇಂಚನ್ನು ಆಧಾರವಾಗಿಟ್ಟುಕೊಂಡು ಬರೆದೆವು, ಭುಜವನ್ನು ಭಾಗಾಕಾರಕ್ಕೆ ಬಿಡದೆ ಅಳೆದಷ್ಟೇ ಇಟ್ಟೆವು. ಆ ನಕ್ಷೆ ಮೇಲೆದೆಗಿಂತ ಎರಡು ಇಂಚು ಹೆಚ್ಚಿನ ಎದೆಗೆ, ಎಂದರೆ 43 ಇಂಚಿಗೆ ಸಾಕಾಗುವಂಥದು. ಉಳಿದ ಮೂರು ಇಂಚನ್ನು ಮುಂಭಾಗಕ್ಕೆ ಮಾತ್ರ, ಎದೆಯ ಜಾಗಕ್ಕೆ ಮಾತ್ರ ಸೇರಿಸಬೇಕಿತ್ತು. ಬೆನ್ನಿಗೆ ಅದರಲ್ಲಿ ಪಾಲಿಲ್ಲ.

ಸೇರಿಸುವ ವಿಧಾನ ನನಗೆ ತುಂಬ ಹಿಡಿಸಿತು. ಕಂದು ಕಾಗದದ ಮೇಲೆ ಅರ್ಧ ಮುಂಭಾಗವನ್ನು ಬರೆದು, ಸೊಂಟದಿಂದ ಪಾಯಿಂಟಿಗೆ, ಅಲ್ಲಿಂದ ಕಂಕುಳಿನ ಕಮಾನಿಗೆ ಒಂದು ಗೆರೆ, ಪಕ್ಕೆಯಿಂದ ಪಾಯಿಂಟಿಗೆ ಇನ್ನೊಂದು ಗೆರೆ ಎಳೆಯಬೇಕು. ಗೆರೆಗಳ ಮೇಲೆ ಕತ್ತರಿಸಿ, ಕಂಕುಳಿನ ಬಳಿ ಕಾಗದ ಪೂರ್ತಿ ಬಿಡದಂತೆ ಕೂದಲೆಳೆಯಷ್ಟು ಉಳಿಸಿಕೊಂಡು, ಪಾಯಿಂಟಿನ ನೇರಕ್ಕೆ ಒಂದೂವರೆ ಇಂಚು ಅಗಲಿಸಬೇಕು. ಎರಡು ಬದಿ ಸೇರಿ ಮೂರು ಇಂಚು. ಹಾಗೆ ಅಗಲಿಸುತ್ತಿದ್ದಂತೆ ಪಕ್ಕೆಯ ಕಡೆಗೆ ಒಂದು ಬೆಣೆಯಾಕಾರದ ಕಂಡಿ ತೆರೆದುಕೊಳ್ಳುತ್ತದೆ, ಕೆಳಗಿನ ಅಂಚು ತಾನಾಗಿ ಕೆಳಗಿಳಿಯುತ್ತದೆ. ಪಕ್ಕೆಯ ಕಂಡಿಯೇ ಟಕ್ಸ್, ಎಂದರೆ ಉಬ್ಬಿಗೆ ಹೊಂದುವಂತೆ ಮಡಿಸಿ ಹೊಲಿಯುವ ಬೆಣೆ, ಆಗುತ್ತದೆ, ಕೆಳಗಿಳಿದ ಅಂಚು ಎದೆಯ ಉಬ್ಬನ್ನು ಏರಿ ಇಳಿಯಲು ಬೇಕಾದ ಹೆಚ್ಚುವರಿ ಉದ್ದವನ್ನು ಕೊಡುತ್ತದೆ. ಅಗಲ ಹೆಚ್ಚಿಸಲು ಹೊರಟವರಿಗೆ ಉದ್ದವೂ ದಕ್ಕುತ್ತದೆ. ರವಿಕೆ ಮುಂದೆ ಮೇಲೇರುತ್ತಿದ್ದುದಕ್ಕೆ ಬೇರೆ ಚಿಕಿತ್ಸೆಯೇ ಬೇಕಾಗಲಿಲ್ಲ. ಭುಜ, ಕೊರಳು, ಕಂಕುಳಿನ ಸುತ್ತು ಯಾವುದೂ ಈ ಕೆಲಸದಲ್ಲಿ ಕದಲುವುದಿಲ್ಲ ಎಂಬುದು ಇದರ ಸೊಗಸು.

ಇಲ್ಲಿ ನನ್ನ ವಿಷಯದ ಮಾತೊಂದನ್ನು ಹೇಳದೆ ಮುಂದೆ ಹೋಗಲಾರೆ. ಚಪ್ಪಟೆ ಹಾಳೆಯನ್ನು ಮಡಿಸದೆ, ಕತ್ತರಿಸದೆ, ಹಿಗ್ಗಿಸದೆ ಗೋಳದ ಮೇಲೆ ಹೊದಿಸಲಾಗದು ಎಂಬುದು ಜರ್ಮನಿಯ ಗಣಿತಜ್ಞ ಗಾಸ್ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಸಾಧಿಸಿದ ಪ್ರಮೇಯದಿಂದ ಬರುವ ಸಂಗತಿ. ಭೂಪಟದಲ್ಲಿ ಗ್ರೀನ್‌ಲ್ಯಾಂಡ್ ಹಿಗ್ಗಿ ಕಾಣುವುದೂ ಅದರಿಂದಲೇ. ನೇಯ್ದ ಬಟ್ಟೆ ಕಾಗದಕ್ಕಿಂತ ಕೊಂಚ ಉದಾರಿ. ಅದರ ಎಳೆಗಳು ಉದ್ದವಾಗದಿದ್ದರೂ ಹಾಸು ಮತ್ತು ಹೊಕ್ಕಿನ, ಎಂದರೆ ಉದ್ದೆಳೆ ಮತ್ತು ಅಡ್ಡೆಳೆಗಳ, ನಡುವಿನ ಕೋನ ಬದಲಾಗಬಲ್ಲದು. ಓರೆಯಾಗಿ ಕತ್ತರಿಸಿದ ರವಿಕೆ ಮೈಗೆ ಅಂಟಿ ಕೂರುವುದು ಈ ಗುಣದಿಂದ. ರಷ್ಯಾದ ಗಣಿತಜ್ಞ ಚೆಬಿಷೆವ್ 1878ರಲ್ಲಿ ಪ್ಯಾರಿಸ್ಸಿನಲ್ಲಿ ಉಡುಪು ಕತ್ತರಿಸುವುದನ್ನೇ ವಿಷಯವಾಗಿಟ್ಟುಕೊಂಡು ಉಪನ್ಯಾಸ ಕೊಟ್ಟಿದ್ದನೆಂಬುದನ್ನು ನಾನು ತರಗತಿಯಲ್ಲಿ ಹೇಳಿದಾಗ, ಪಕ್ಕದ ಯಂತ್ರದಲ್ಲಿ ಕುಳಿತ ಹುಡುಗಿಯರು ಅವನು ಹೊಲಿಗೆಯೂ ಬಲ್ಲವನಾಗಿದ್ದನೇ ಎಂದು ಕೇಳಿದರು. ಉಬ್ಬು ಹೆಚ್ಚಾದಷ್ಟೂ ಬಟ್ಟೆಗೆ ಹೆಚ್ಚು ಟಕ್ಸ್, ಹೆಚ್ಚು ಜೋಡಣೆ ಬೇಕೇ ಬೇಕು. ‘ಸರಳವಾಗಿ ಹೊಲಿದುಬಿಡೋಣ’ ಎಂಬುದು ತೆಳ್ಳಗಿನ ಮೈಗೆ ಒಪ್ಪುವ ಮಾತು.

ಸಾಮಾನ್ಯ ನಾಲ್ಕು ಟಕ್ಸಿನ ರವಿಕೆ ನನಗೆ ಏಕೆ ಒಗ್ಗುತ್ತಿರಲಿಲ್ಲ ಎಂಬುದೂ ಇದರಿಂದ ತಿಳಿಯಿತು. ಹೆಚ್ಚು ಬಟ್ಟೆಯನ್ನು ಒಂದೇ ಟಕ್ಸಿನಲ್ಲಿ ಹಿಡಿದರೆ ತುದಿ ಮೊನಚಾಗಿ ಎದ್ದು ನಿಲ್ಲುತ್ತದೆ. ಟಕ್ಸನ್ನು ಪಾಯಿಂಟಿನವರೆಗೂ ಒಯ್ಯದೆ, ತುಂಬು ಎದೆಯವರಿಗೆ ಒಂದೂವರೆಯಿಂದ ಎರಡು ಇಂಚು ಮೊದಲೇ ನಿಲ್ಲಿಸಬೇಕು. ಅದಕ್ಕಿಂತಲೂ ಒಳ್ಳೆಯದು ಪ್ರಿನ್ಸೆಸ್ ಕಟ್. ಕಂಕುಳಿನಿಂದ ಪಾಯಿಂಟಿನ ಹತ್ತಿರ ಹಾಯ್ದು ಸೊಂಟಕ್ಕೆ ಇಳಿಯುವ ಒಂದು ಉದ್ದ ಜೋಡಣೆಯೊಳಗೆ ಟಕ್ಸುಗಳೆಲ್ಲ ಕರಗಿಹೋಗುತ್ತವೆ, ಮುಂದೆ ಬೇಕಾದಲ್ಲಿ ಬಿಡಿಸಿ ಸರಿಪಡಿಸಲೂ ಬರುತ್ತದೆ. ಎದೆಯ ಭಾಗವನ್ನು ಬಟ್ಟಲಿನಂತೆ ಬೇರೆ ತುಂಡಾಗಿ ಜೋಡಿಸುವ ಕಟೋರಿ ರವಿಕೆಯೂ ಆಗುತ್ತದೆ, ಆದರೆ ಅದರ ಅಡ್ಡ ಜೋಡಣೆ ತೆಳು ಬಟ್ಟೆಯಲ್ಲಿ ಎದ್ದು ಕಾಣುವುದು ನನಗೆ ಸೇರಲಿಲ್ಲ.

ನಕ್ಷೆ ಸಿದ್ಧವಾದ ಮೇಲೆ ಅಗ್ಗದ ಬಿಳಿ ಹತ್ತಿ ಬಟ್ಟೆಯಲ್ಲಿ ದೊಡ್ಡ ಹೊಲಿಗೆ ಹಾಕಿ ಪ್ರಯೋಗದ ರವಿಕೆ ಮಾಡಿದೆವು. ಈ ಹಂತವನ್ನು ನಮ್ಮ ಅಂಗಡಿಗಳಲ್ಲಿ ಯಾರೂ ಮಾಡುವುದಿಲ್ಲ, ಮಾಡುವ ಪುರುಸೊತ್ತೂ ಅವರಿಗಿಲ್ಲ; ಆದರೆ ದಪ್ಪ ಮೈಗೆ ಹೊಲಿಯುವವರು ಇದನ್ನು ಬಿಡಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸುಕ್ಕುಗಳನ್ನು ಓದುವುದನ್ನು ಕಲಿಯುವುದು ಇಲ್ಲಿಯೇ. ಅಡ್ಡಡ್ಡ ಬಿಗಿದ ಗೆರೆಗಳು ಅಗಲ ಸಾಲದೆಂದು ಹೇಳುತ್ತವೆ. ಎದೆಯ ಕಡೆಗೆ ಓರೆಯಾಗಿ ಓಡುವ ಗೆರೆಗಳು ಅಲ್ಲಿ ಬಟ್ಟೆ ಕಡಿಮೆಯೆಂದು ಹೇಳುತ್ತವೆ. ಮೆತ್ತಗೆ ಮಡಿಕೆಬಿದ್ದ ಜಾಗದಲ್ಲಿ ಬಟ್ಟೆ ಹೆಚ್ಚಾಗಿದೆ. ನನ್ನ ಕೊರಳಿನ ಅಂಚು ಎದೆಯ ಮೇಲೆ ಬಾಯಿಬಿಟ್ಟು ನಿಂತಿತ್ತು, ಬಗ್ಗಿದರೆ ಒಳಗೆಲ್ಲ ಕಾಣುವಂತೆ. ಅಲ್ಲಿ ಅರ್ಧ ಇಂಚಿನ ಬೆಣೆಯನ್ನು ಗುಂಡುಸೂಜಿಯಿಂದ ಹಿಡಿದು, ಅದೇ ಬೆಣೆಯನ್ನು ಕಾಗದದಲ್ಲಿ ಮಡಿಸಿ, ಆ ಹೆಚ್ಚಳವನ್ನು ಪ್ರಿನ್ಸೆಸ್ ಜೋಡಣೆಗೆ ದಾಟಿಸಿದೆವು. ಕೊರಳು ಆಳವಾಗಿಯೇ ಉಳಿಯಿತು, ಬಾಯಿಬಿಡುವುದು ನಿಂತಿತು. ದಪ್ಪಗಿರುವವರು ಕೊರಳನ್ನು ಮೇಲಕ್ಕೇರಿಸಿ ಮುಚ್ಚಿಕೊಳ್ಳಬೇಕೆಂಬ ಸಲಹೆ ಬಹುಶಃ ಈ ಅರ್ಧ ಇಂಚಿನ ತಿದ್ದುಪಡಿ ತಿಳಿಯದವರಿಂದ ಹುಟ್ಟಿದ್ದಿರಬೇಕು.

ತೋಳಿನ ವಿಷಯ ಎಲ್ಲಕ್ಕಿಂತ ಹೆಚ್ಚು ಸಮಯ ತೆಗೆದುಕೊಂಡಿತು. ನನ್ನ ತೋಳಿನ ಸುತ್ತು 17 ಇಂಚು, ಎದೆಸುತ್ತಿನ ಸೂತ್ರ ಕೊಡುವ ತೋಳು ಅದಕ್ಕೆ ಸಾಲದು. ಅಂಗಡಿಯವರು ಇದಕ್ಕೆ ಮಾಡುವ ಉಪಾಯವೆಂದರೆ ಕಂಕುಳನ್ನು ಇನ್ನಷ್ಟು ಕೊರೆದು ಸುತ್ತು ಹೆಚ್ಚಿಸುವುದು. ಅದರ ಫಲವನ್ನು ಮೇಲೆಯೇ ಹೇಳಿದ್ದೇನೆ. ಸರಿಯಾದ ಕ್ರಮದಲ್ಲಿ ತೋಳಿನ ಕಾಗದವನ್ನು ಉದ್ದಕ್ಕೂ ಅಡ್ಡಕ್ಕೂ ಕತ್ತರಿಸಿ, ನಡುವೆ ಅಗಲಿಸಬೇಕು. ಹಾಗೆ ಮಾಡಿದಾಗ ಕ್ಯಾಪ್ ಎಂದು ಕರೆಯುವ ಮೇಲಿನ ಕಮಾನು ಕೊಂಚ ತಗ್ಗುತ್ತದೆ, ತಗ್ಗಬೇಕಾದದ್ದೇ. ಕ್ಯಾಪ್ ಎತ್ತರವಾಗಿದ್ದರೆ ಕೈ ಇಳಿಬಿಟ್ಟಾಗ ತೋಳು ಒಂದೂ ಸುಕ್ಕಿಲ್ಲದೆ ಚೆಂದ ಕಾಣುತ್ತದೆ, ಎತ್ತಿದರೆ ಎಳೆಯುತ್ತದೆ. ತಗ್ಗಾಗಿದ್ದರೆ ಕಂಕುಳಿನ ಬಳಿ ಒಂದೆರಡು ಮಡಿಕೆ ಬೀಳುತ್ತದೆ, ಕೈ ಸಲೀಸಾಗಿ ಮೇಲೆ ಹೋಗುತ್ತದೆ. ಫೋಟೋಕ್ಕೆ ನಿಲ್ಲುವವರು ಮೊದಲನೆಯದನ್ನು ಆರಿಸಿಕೊಳ್ಳಲಿ. “ಕೈ ಎತ್ರಿ, ಹಲಗಿ ಮ್ಯಾಲೆ ಬರದಂಗ ಮಾಡ್ರಿ” ಎಂದು ಅಕ್ಕೋರು ಹೇಳಿದಾಗ ನಾನು ಗೋಡೆಯ ಕಡೆ ತಿರುಗಿ ವರ್ಗಸಮೀಕರಣವೊಂದನ್ನು ಗಾಳಿಯಲ್ಲಿ ಬಿಡಿಸಿದೆ, ಪಕ್ಕೆ ಇದ್ದಲ್ಲೇ ಇತ್ತು. ತೋಳಿಗೆ ಒಂದೂಕಾಲು ಇಂಚು, ಎದೆಗೆ ಒಂದೂವರೆ ಇಂಚು ಸಡಿಲ ಬಿಡುವುದೆಂದು ಅಂದು ನಿಗದಿಮಾಡಿಕೊಂಡೆವು. ನಮ್ಮ ಹಳೆಯ ಹೆಂಗಸರು ತೊಡುತ್ತಿದ್ದ, ಮುಂದೆ ಗಂಟು ಕಟ್ಟುವ ಕುಪ್ಪಸಕ್ಕೆ ಈ ಪಾಡು ಇರಲಿಲ್ಲ. ಬಸುರಿ, ಬಾಣಂತಿ, ಇಳಿವಯಸ್ಸು ಎಲ್ಲಕ್ಕೂ ಗಂಟು ಅತ್ತಿತ್ತ ಸರಿದರೆ ಸಾಕಾಗುತ್ತಿತ್ತು. ಸಾಲು ಹುಕ್ಕುಗಳ ರವಿಕೆ ಬಂದ ಮೇಲೆ ಮೈಯೇ ಬಟ್ಟೆಗೆ ಹೊಂದಿಕೊಳ್ಳಬೇಕಾಯಿತು.

ನಿಜವಾದ ರವಿಕೆಗೆ ನಾನು ಆರಿಸಿಕೊಂಡದ್ದು ಗುಳೇದಗುಡ್ಡದ ಖಣ, ಎಂದರೆ ರವಿಕೆಗೆಂದೇ ನೇಯುವ ಬಟ್ಟೆ. ಅದು ಸ್ವಲ್ಪ ಗಟ್ಟಿಯಾದ ನೇಯ್ಗೆಯಾದ್ದರಿಂದ ಮೈಯ ಪ್ರತಿ ಉಬ್ಬುತಗ್ಗಿಗೂ ಅಂಟಿಕೊಳ್ಳದೆ ತನ್ನ ಆಕಾರವನ್ನು ಹಿಡಿದುಕೊಳ್ಳುತ್ತದೆ. ತೊಡಕೆಂದರೆ ಅದರ ಅಗಲ ಕಡಿಮೆ, ಅಂಚುಗಳೂ ಇರುತ್ತವೆ. ಒಂದು ಖಣದಲ್ಲಿ ನನ್ನ ಅಳತೆಯ ರವಿಕೆ ಆಗುವುದಿಲ್ಲ. ಎರಡು ಖಣ ತಂದು, ಪ್ರಿನ್ಸೆಸ್ ಕಟ್ಟಿನ ಸಣ್ಣ ಸಣ್ಣ ಭಾಗಗಳನ್ನು ಎಳೆಯ ನೇರಕ್ಕೆ ಜೋಡಿಸಿಟ್ಟು ನೋಡಿದಾಗ ಎಲ್ಲವೂ ಕೂತವು, ಅಂಚು ತೋಳಿನ ತುದಿಗೆ ಬಂತು. ಕಂಕುಳಿನ ಕೆಳಗಿನ ಭಾಗಕ್ಕೆ ಅದೇ ಖಣವನ್ನು ಬಳಸದೆ ಒಪ್ಪುವ ಬಣ್ಣದ ಸಾದಾ ಹತ್ತಿ ಬಟ್ಟೆ ಹಾಕಿದ್ದು ಬೆವರಿನ ದೃಷ್ಟಿಯಿಂದ. ಆದರೆ ಅದು ವಿನ್ಯಾಸದಂತೆಯೇ ಕಾಣುತ್ತದೆ, ಎಲ್ಲಿಂದ ತಂದಿರಿ ಎಂದು ಕೇಳುವವರು ಇದ್ದಾರೆ. ಲೈನಿಂಗಿಗೆ ಟೂ ಬೈ ಟೂ ಬಟ್ಟೆಯನ್ನು ರಾತ್ರಿಯಿಡೀ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಕತ್ತರಿಸಬೇಕು. ಇಲ್ಲವಾದರೆ ಮೊದಲ ಒಗೆತಕ್ಕೆ ಒಳಗಿನದು ಕುಗ್ಗಿ ಹೊರಗಿನದು ಗುಳ್ಳೆಯೇಳುತ್ತದೆ. ಹುಕ್ಕಿನ ಪಟ್ಟಿಗೆ ಕ್ಯಾನ್ವಾಸ್ ಕೊಟ್ಟು, ಒಂದು ಹುಕ್ಕು ಸರಿಯಾಗಿ ಪಾಯಿಂಟಿನ ನೇರಕ್ಕೆ ಬರುವಂತೆ ನೋಡಿಕೊಂಡು, ಉಳಿದವನ್ನು ಅಲ್ಲಿಂದ ಮೇಲೆ ಕೆಳಗೆ ಹಂಚಬೇಕು. ಎದೆಯ ಬಳಿ ಪಟ್ಟಿ ಬಾಯಿಬಿಡುವುದು ತಪ್ಪುವುದು ಇದರಿಂದ, ಪಿನ್ನು ಚುಚ್ಚಿಕೊಳ್ಳುವುದರಿಂದ ಅಲ್ಲ. ಪಕ್ಕೆಗಳಲ್ಲಿ ಒಂದೊಂದು ಇಂಚು ಬಟ್ಟೆಯನ್ನು ಒಳಗೆ ಬಿಟ್ಟಿದ್ದೇನೆ. ಹೊಲಿಗೆ ಹಾಕುವ ಕೆಲಸದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಕತ್ತರಿಸಿದ್ದು ಸರಿಯಿದ್ದರೆ ಯಂತ್ರ ತನ್ನ ಪಾಡಿಗೆ ತಾನು ಓಡುತ್ತದೆ.

ಸೀರೆಯ ಬಗೆಗೂ ಎರಡು ಮಾತು ಹೇಳಬೇಕು. ಐದೂವರೆ ಮೀಟರಿನ ಸೀರೆಯನ್ನು ಅಗಲ ನಡುವಿಗೆ ಸುತ್ತಿದರೆ ನೆರಿಗೆಗೆ ಉಳಿಯುವುದು ಕಡಿಮೆ. ಸೀರೆಯ ಜೊತೆಗೆ ಬರುವ ಸುಮಾರು 80 ಸೆಂಟಿಮೀಟರಿನ ರವಿಕೆ ಬಟ್ಟೆಯನ್ನು ನಾನು ಈಗ ಕತ್ತರಿಸುವುದೇ ಇಲ್ಲ. ರವಿಕೆಗೆ ಖಣವಿದೆ, ಆ ಬಟ್ಟೆಯೆಲ್ಲ ನೆರಿಗೆಗೆ ಸೇರುತ್ತದೆ. ಇಳಕಲ್ ಸೀರೆಯಲ್ಲಿ ಎಂಟು ಗಜದವೂ ಸಿಗುವುದರಿಂದ ನಮ್ಮ ಕಡೆಯವರಿಗೆ ಈ ಚಿಂತೆ ಕಡಿಮೆ. ಲಂಗದ ಲಾಡಿಯನ್ನು ಬಿಗಿಯಾಗಿ ಕಟ್ಟುವ ರೂಢಿಯನ್ನೂ ಬಿಟ್ಟು, ಅಗಲ ಪಟ್ಟಿಯ, ಪಕ್ಕದಲ್ಲಿ ಹುಕ್ಕಿರುವ ಲಂಗ ಹೊಲಿದುಕೊಂಡೆ. ವರ್ಷಾನುಗಟ್ಟಲೆ ಒಂದೇ ಜಾಗದಲ್ಲಿ ಲಾಡಿ ಒತ್ತಿ ಆದ ಗಾಯ ಅಪರೂಪಕ್ಕೆ ಚರ್ಮದ ಕ್ಯಾನ್ಸರಿಗೆ ತಿರುಗಿದ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ. ನಡುವಿನ ಸುತ್ತ ಕಪ್ಪು ಗೆರೆ ಮೂಡಿರುವವರು ಇದನ್ನು ಉದಾಸೀನ ಮಾಡಬಾರದು.

ಇನ್ನು ಬಣ್ಣ, ಗೆರೆಗಳ ಸಲಹೆಗಳು. “ತಿಳಿಬಣ್ಣ ಬ್ಯಾಡ ಬಿಡವಾ, ಮೈ ಎದ್ದು ಕಾಣ್ತದ” ಎಂಬ ಮಾತನ್ನು ಮದುವೆಮನೆಗಳಲ್ಲಿ ನಮ್ಮ ದೊಡ್ಡಮ್ಮನಿಂದ ಕೇಳುತ್ತಲೇ ಬೆಳೆದಿದ್ದೇನೆ. ಅಡ್ಡಗೆರೆ ಅಗಲ ತೋರಿಸುತ್ತದೆ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಅಡ್ಡಗೆರೆಗಳಿಂದ ತುಂಬಿದ ಚೌಕವು ಅಗಲವಾಗಿ ಕಾಣುವ ಬದಲು ಎತ್ತರವಾಗಿ ಕಾಣುತ್ತದೆ ಎಂದು ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬರೆದಿದ್ದ. 2011ರಲ್ಲಿ ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ಹೆಂಗಸಿನ ಆಕೃತಿಗಳ ಮೇಲೆ ಇದನ್ನು ಪರೀಕ್ಷಿಸಿ, ಅಡ್ಡಗೆರೆ ದಪ್ಪ ತೋರಿಸುವುದಿಲ್ಲವೆಂದರು. ಸಂತೋಷಪಡುವಷ್ಟರಲ್ಲಿ 2013ರಲ್ಲಿ ಜಪಾನಿನವರು, ಈ ಲಾಭ ಮೊದಲೇ ತೆಳ್ಳಗಿರುವವರಿಗೆ ಮಾತ್ರ ಎಂಬ ಫಲಿತಾಂಶ ಪ್ರಕಟಿಸಿದರು. ನಾನು ಎರಡನ್ನೂ ಓದಿ ನಕ್ಕು, ಇಳಕಲ್ಲಿನ ಚೌಕುಳಿ ಸೀರೆಯನ್ನೇ ಉಟ್ಟೆ. ನನ್ನ ಕಣ್ಣಿಗೆ ಕಂಡ ಮಟ್ಟಿಗೆ, ಭುಜದ ಹೊಲಿಗೆ ಭುಜದ ಮೂಳೆಯ ಮೇಲೆ ಕೂತಿದೆಯೇ ಎಂಬುದು ಮಾಡುವಷ್ಟು ವ್ಯತ್ಯಾಸವನ್ನು ಯಾವ ಬಣ್ಣವೂ ಮಾಡುವುದಿಲ್ಲ. ಮೈಯನ್ನು ಮರೆಮಾಡಲೆಂದು ತೊಡುವ ದೊಗಲೆ ಕುರ್ತಾ ಮೈಯ ಅತ್ಯಂತ ಅಗಲದ ಜಾಗದಿಂದ ನೇರ ಕೆಳಗೆ ಜೋತುಬಿದ್ದು, ಆ ಅಗಲವನ್ನೇ ಕಾಲಿನವರೆಗೂ ಒಯ್ಯುತ್ತದೆ. ಮೇಲೆದೆಯ ಆಧಾರದ ಇದೇ ನಕ್ಷೆಯನ್ನು ಕೆಳಕ್ಕೆ ಉದ್ದ ಮಾಡಿ, ಪಕ್ಕದ ಸೀಳನ್ನು ನಡುವಿನ ಅತಿ ಅಗಲದ ಜಾಗಕ್ಕಿಂತ ಒಂದು ಇಂಚು ಮೇಲಿನಿಂದ ಆರಂಭಿಸಿ ಕುರ್ತಾಗಳನ್ನೂ ಹೊಲಿದುಕೊಂಡಿದ್ದೇನೆ. ಕೂತಾಗ ಅವು ಹೊಟ್ಟೆಯ ಮೇಲೆ ಬಿಗಿಯುವುದಿಲ್ಲ.

ಶಾಲೆ ಮತ್ತೆ ಶುರುವಾದ ಮೇಲೆ ಹೊಲಿಯಲು ಬಿಡುವು ಸಿಗುತ್ತಿಲ್ಲ. ಕಾಗದದ ನಕ್ಷೆಯನ್ನು ಗಟ್ಟಿ ರಟ್ಟಿಗೆ ಇಳಿಸಿ, ಪ್ರತಿ ಭಾಗದ ಮೇಲೆ ಎಳೆಯ ದಿಕ್ಕು ಮತ್ತು ಸೇರಬೇಕಾದ ಗುರುತುಗಳನ್ನು ಬರೆದು, ನಮ್ಮ ಓಣಿಯ ದರ್ಜಿಗೆ ಕೊಟ್ಟಿದ್ದೇನೆ. ಮೊದಲು ಅವರು ಒಪ್ಪಲಿಲ್ಲ. ಇಷ್ಟು ತುಂಡುಗಳೇಕೆ, ಕೂಲಿ ಹೆಚ್ಚಾಗುತ್ತದೆ ಎಂದರು. ಹೆಚ್ಚಿನ ಕೂಲಿಗೆ ನಾನು ಒಪ್ಪಿದೆ, ಏಕೆಂದರೆ ಕೆಲಸವೂ ನಿಜವಾಗಿ ಹೆಚ್ಚೇ. ಈಗ ಅವರು ತುಂಬು ಮೈಯವರು ಬಂದಾಗ ಮೇಲೆದೆಯನ್ನೂ ಬೇರೆಯಾಗಿ ಅಳೆದು ಬರೆದುಕೊಳ್ಳುತ್ತಿದ್ದಾರೆ. ನಮ್ಮ ಶಾಲೆಯ ಸಮಾಜ ವಿಜ್ಞಾನದ ಸಹೋದ್ಯೋಗಿಯೊಬ್ಬರ ಸಮಸ್ಯೆ ನನ್ನದಕ್ಕಿಂತ ಬೇರೆ: ಅವರ ಮೇಲೆದೆಗೂ ತುಂಬು ಎದೆಗೂ ಇರುವ ಅಂತರ ಎರಡೇ ಇಂಚು, ಆದರೆ ಬೆನ್ನು ತುಂಬಿಕೊಂಡಿದೆ, ಹೊಟ್ಟೆ ಮುಂದಿದೆ. ಅವರಿಗೆ ಮುಂಭಾಗದ ತಿದ್ದುಪಡಿ ಬೇಕಿಲ್ಲ, ಬೆನ್ನಿನ ನಡುವೆ ಕತ್ತರಿಸಿ ಅಗಲಿಸಬೇಕು. ದಸರಾ ರಜೆಯಲ್ಲಿ ಅಕ್ಕೋರ ಮನೆಯಲ್ಲಿ ಕುಳಿತು ಅದರ ನಕ್ಷೆ ಬರೆಯುವುದೆಂದು ಗೊತ್ತುಮಾಡಿದ್ದೇವೆ; ಕಂದು ಕಾಗದವನ್ನು ಆ ಸಹೋದ್ಯೋಗಿಯೇ ತರುತ್ತಾರಂತೆ.